ಯಾವ ನೀರಿಗೆ ಯಾವ ಫಿಲ್ಟರ್

ಸೋಸುವ ಬಟ್ಟೆ, ಕ್ಯಾಂಡಲ್, ಯುವಿ, ಆರ್‌ಒ ಇವೆಲ್ಲ ಒಂದೇ ಏಣಿಯ ಮೆಟ್ಟಿಲುಗಳು, ಮೇಲಿನದ್ದು ಕೆಳಗಿನದಕ್ಕಿಂತ ಯಾವಾಗಲೂ ಮೇಲು ಎಂಬ ನಂಬಿಕೆಯ ಮೇಲೆ ಇಂದು ಫಿಲ್ಟರ್ ವ್ಯಾಪಾರ ನಡೆಯುತ್ತಿದೆ. ಚರಿತ್ರೆ ನೋಡಿದರೆ ಏಣಿಯೇ ಕಾಣುವುದಿಲ್ಲ. ಒಂದೊಂದು ಸಾಧನವೂ ನೀರಿನ ಒಂದೊಂದು ದೋಷಕ್ಕೆ ಒದಗಿ ಬಂದದ್ದು. ಎಲ್ಲಕ್ಕಿಂತ ಅಗ್ಗದ ಬಟ್ಟೆಯನ್ನೇ ನೋಡಿ. ಉತ್ತರ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ ನಾರುಹುಣ್ಣಿಗೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಹುಣ್ಣಿದ್ದವರು ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವಾಗ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು. ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಅವನ್ನು ನುಂಗುತ್ತಿತ್ತು. ಆ ನೀರು ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದಕ್ಕೂ ಮೀರಿದ ಹುಳು ಹೊರಬರುತ್ತಿತ್ತು. ಸೈಕ್ಲಾಪ್ಸ್ ಒತ್ತು ನೇಯ್ಗೆಯ ಬಟ್ಟೆಯಲ್ಲಿ ನಿಂತುಬಿಡುತ್ತದೆ. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಸೋಸುವ ಬಟ್ಟೆ, ಬೋರ್‌ವೆಲ್ ಪಂಪು, ಬಾವಿಗಳ ಸುಧಾರಣೆ ಇವನ್ನೇ ನೆಚ್ಚಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಕ್ಯಾಂಡಲ್‌ನ ಕತೆ ಬೇರೆ. ಪಾಶ್ಚರ್‌ನ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್ಲೆಂಡ್ 1884ರಲ್ಲಿ ಮೆರುಗಿಲ್ಲದ ಪಿಂಗಾಣಿ ಕೊಳವೆಯಿಂದ ಬ್ಯಾಕ್ಟೀರಿಯಾ ತಡೆದು ತೋರಿಸಿದ. ಒಂದರ ಮೇಲೊಂದು ಕೂರುವ ಸ್ಟೀಲ್ ಪಾತ್ರೆ, ಮೇಲಿನದರಲ್ಲಿ ಆಗಾಗ ಉಜ್ಜಿ ತೊಳೆಯಬೇಕಾದ ಬಿಳಿ ಕ್ಯಾಂಡಲ್: ನಮ್ಮ ಅಡುಗೆಮನೆಗಳ ಆ ಫಿಲ್ಟರು ಇದೇ ಕುಲದ್ದು. ಅದರ ಮಿತಿಯೂ ಬೇಗ ಬಯಲಾಯಿತು. 1892ರಲ್ಲಿ ರಷ್ಯಾದ ದಿಮಿತ್ರಿ ಇವಾನೋವ್ಸ್ಕಿ ರೋಗ ಹಿಡಿದ ತಂಬಾಕು ಎಲೆಯ ರಸವನ್ನು ಚೇಂಬರ್ಲೆಂಡ್ ಫಿಲ್ಟರಿನಲ್ಲಿ ಸೋಸಿದ. ಸೋಸಿದ ರಸವೂ ರೋಗ ಹರಡಿತು. ವೈರಸ್ ಎಂಬುದರ ಸುಳಿವು ಸಿಕ್ಕಿದ್ದೇ ಹೀಗೆ, ಫಿಲ್ಟರು ಸೋತ ಕಡೆ. ಕಾಮಾಲೆ ತರುವ ವೈರಸ್‌ಗಳಿಗೆ ಕ್ಯಾಂಡಲ್ ಸಾಲದು, ನೀರು ಕುದಿಸಬೇಕು, ಇಲ್ಲವೇ ಅತಿನೇರಳೆ ಬೆಳಕು ಹಾಯಿಸುವ ಯುವಿ ಬೇಕು.

ಹಾಗಾದರೆ ಕುದಿಸಿದರೆ ಸಾಕಲ್ಲ ಎನ್ನಬಹುದು. ಹೊಳೆ, ಕೆರೆಯ ನೀರಿಗೆ ಈ ವಾದ ಬಹುಮಟ್ಟಿಗೆ ಸರಿ. ಆದರೆ ಪಾವಗಡ, ಕೋಲಾರದ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಇದೆ. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಹಲ್ಲು ಕಂದಾಗಿಸಿ, ವರ್ಷಗಟ್ಟಲೆ ಕುಡಿದರೆ ಮೂಳೆ ಬಗ್ಗಿಸುವ ಈ ವಿಷಕ್ಕೆ ಆರ್‌ಒ ನಿಜವಾದ ಉತ್ತರಗಳಲ್ಲೊಂದು. ಸಮುದ್ರದ ನೀರನ್ನು ಸಿಹಿ ಮಾಡಲೆಂದು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಪೊರೆಯಿಂದ ಬೆಳೆದ ತಂತ್ರ ಅದು.

ಎಲ್ಲವನ್ನೂ ತಡೆಯುವ ಆರ್‌ಒ ಎಲ್ಲ ಮನೆಗೂ ಇರಲಿ, ಬೆಂಗಳೂರಿನಲ್ಲಿ ಕಾವೇರಿ ನೀರೂ ನಲ್ಲಿಗೆ ಬರುವಷ್ಟರಲ್ಲಿ ಕೆಡಬಹುದಲ್ಲ ಎಂಬುದು ಬಲವಾದ ಆಕ್ಷೇಪ. ಕೆಡಬಹುದು, ನಿಜ. ಆದರೆ ಒಡೆದ ಪೈಪು, ತೊಳೆಯದ ಸಂಪುಗಳಲ್ಲಿ ಸೇರುವುದು ಹೆಚ್ಚಾಗಿ ರೋಗಾಣು. ಅದಕ್ಕೆ ಕುದಿಸುವುದೋ ಯುವಿಯೋ ಸಾಕು. ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರವನ್ನು ಲವಣ ಕಡಿಮೆ ಇರುವ ನೀರಿಗೆ ಹಾಕುವುದು ದುಂದು. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ಕಡೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಬೋರ್‌ವೆಲ್ ನೀರು ಕುಡಿಯುವವರು ಅಂಗಡಿಗೆ ಹೋಗುವ ಮೊದಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ನೋಡಿಸಿ. ಬೇರೆ ನೀರಿಲ್ಲದ ಕಡೆಯೂ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.