ಹಿಂಬದಿ ಆಕ್ಸೆಲ್‌ನ 'ಠಣ್' ಸದ್ದು: ಮೂಲ ಪತ್ತೆ ಹೇಗೆ?

ಹೋಳೂರು (ಕೋಲಾರ): ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೋಳೂರು ಹಾಗೂ ಸುತ್ತಲಿನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಟೊಮೆಟೊ ಮತ್ತು ಮಾವಿನ ಸಾಗಣೆಯ ಹೊರೆ ಬಹುಪಾಲು ಸಣ್ಣ ಸರಕು ವಾಹನಗಳ ಮೇಲಿದೆ. ಹೊಲದ ಕಾಲುದಾರಿಯಿಂದ ಟಾರು ರಸ್ತೆಗೆ ಏರುವ ಇಂತಹ ವಾಹನಗಳಲ್ಲಿ ಹಿಂಬದಿಯಿಂದ ಕೇಳಿಬರುವ 'ಠಣ್' ಎಂಬ ಸದ್ದು ಚಾಲಕರಿಗೆ ಹೊಸತಲ್ಲ. ಆದರೆ ಆ ಸದ್ದನ್ನು ಅಲಕ್ಷಿಸುವುದೂ, ತಪಾಸಣೆ ಇಲ್ಲದೆ ಡಿಫರೆನ್ಷಿಯಲ್ ಬಿಚ್ಚಿಸುವುದೂ ಎರಡೂ ದುಬಾರಿಯೇ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್‌ನ ಬೆಲೆ 2,000 ರೂ. ದಾಟಿತ್ತು. ಅಂತಹ ದಿನಗಳಲ್ಲಿ ವಾಹನ ನಡುದಾರಿಯಲ್ಲಿ ನಿಂತರೆ ಹರಾಜು ತಪ್ಪುತ್ತದೆ, ಹಣ್ಣು ಕಾಯುವುದಿಲ್ಲ.

ಸದ್ದು ಹುಟ್ಟುವ ಬಗೆ

ಎಂಜಿನ್‌ನ ಶಕ್ತಿ ಗೇರ್ ಬಾಕ್ಸ್‌ನಿಂದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂಬದಿಯ ಡಿಫರೆನ್ಷಿಯಲ್ ತಲುಪಿ, ಅಲ್ಲಿಂದ ಎರಡೂ ಚಕ್ರಗಳಿಗೆ ಹಂಚಿಕೆಯಾಗುತ್ತದೆ. ಈ ದಾರಿಯಲ್ಲಿ ಶಾಫ್ಟ್‌ನ ತುದಿಗಳಲ್ಲಿರುವ ಕ್ರಾಸ್ ಜಾಯಿಂಟ್‌ಗಳು, ಉದ್ದ ಹೊಂದಿಸಿಕೊಳ್ಳುವ ಸ್ಪ್ಲೈನ್, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು, ಚಕ್ರದ ಕಡೆಯ ಆಕ್ಸೆಲ್ ಶಾಫ್ಟ್‌ಗಳು ಬರುತ್ತವೆ. ಕ್ರೌನ್–ಪಿನಿಯನ್ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ಆದರೆ ಸವೆತದಿಂದ ಪ್ರತಿಯೊಂದು ಸಂಧಿಯ ಸಡಿಲ ಸೇರಿ ದೊಡ್ಡದಾದಾಗ, ಕ್ಲಚ್ ಬಿಟ್ಟ ಕ್ಷಣದಲ್ಲಿ ಅಷ್ಟೂ ಅಂತರ ಒಮ್ಮೆಗೇ ಮುಚ್ಚಿಕೊಂಡು ಸುತ್ತಿಗೆಯ ಏಟಿನಂತೆ ಕೇಳಿಸುತ್ತದೆ.

ಇದರ ಜೊತೆಗೆ ಆಕ್ಸೆಲನ್ನು ಚಾಸಿಗೆ ಹಿಡಿದಿಡುವ ವ್ಯವಸ್ಥೆಯೂ ಸದ್ದಿನ ಮೂಲವಾಗಬಲ್ಲದು. ಕಮಾನುಪಟ್ಟಿ, ಅದನ್ನು ಆಕ್ಸೆಲ್‌ಗೆ ಬಿಗಿಯುವ ಯು ಬೋಲ್ಟ್‌ಗಳು, ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್, ತುದಿಯ ಶ್ಯಾಕಲ್ ಹಾಗೂ ಬುಷ್‌ಗಳು, ಶಾಕ್ ಅಬ್ಸಾರ್ಬರ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಯಾವಾಗ ಬರುತ್ತದೆ ಎಂಬುದೇ ಸುಳಿವು

* ವಾಹನ ಹೊರಡುವಾಗ, ರಿವರ್ಸ್ ಹಾಕುವಾಗ ಅಥವಾ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತುವಾಗ ಒಂದೇ ಏಟಿನ ಸದ್ದು ಬಂದರೆ ಕ್ರಾಸ್ ಜಾಯಿಂಟ್, ಸ್ಪ್ಲೈನ್ ಅಥವಾ ಡಿಫರೆನ್ಷಿಯಲ್‌ನ ಸವೆತವನ್ನು ಶಂಕಿಸಬೇಕು. ಯು ಬೋಲ್ಟ್ ಸಡಿಲವಾದಾಗಲೂ ಇದೇ ಲಕ್ಷಣ ಕಾಣುತ್ತದೆ.

* ರಸ್ತೆ ಉಬ್ಬು ಹಾಗೂ ಗುಂಡಿಗಳಲ್ಲಿ ಮಾತ್ರ ಬಂದರೆ ಶ್ಯಾಕಲ್ ಬುಷ್, ಶಾಕ್ ಅಬ್ಸಾರ್ಬರ್‌ನ ರಬ್ಬರ್ ಅಥವಾ ತುಂಡಾದ ಕಮಾನುಪಟ್ಟಿ ಕಾರಣವಿರಬಹುದು. ಖಾಲಿ ಇದ್ದಾಗ ಕೇಳಿಸಿ, ಹೊರೆ ಏರಿದಾಗ ನಿಂತರೆ ಈ ಶಂಕೆ ಬಲಗೊಳ್ಳುತ್ತದೆ.

* ತಿರುವಿನಲ್ಲಿ ಮಾತ್ರ ಬಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರ್‌ಗಳು ಮತ್ತು ವಾಷರ್‌ಗಳು ಅಥವಾ ಚಕ್ರದ ಬೇರಿಂಗ್ ಪರಿಶೀಲನೆ ಅಗತ್ಯ.

* ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಶೂ, ಅದರ ಸ್ಪ್ರಿಂಗ್‌ಗಳು ಹಾಗೂ ಯು ಬೋಲ್ಟ್‌ಗಳತ್ತ ಗಮನ ಹರಿಸಬೇಕು.

* ವೇಗದೊಂದಿಗೆ ಏರುವ ನಿರಂತರ ಗುಂಯ್‌ಗುಡುವಿಕೆ 'ಠಣ್' ಸದ್ದಿನ ಜಾತಿಯದ್ದಲ್ಲ. ಅದು ಬೇರಿಂಗ್ ಇಲ್ಲವೇ ಕ್ರೌನ್–ಪಿನಿಯನ್ ಸವೆತದ ಸೂಚನೆ.

ತಪಾಸಣೆಯ ಕ್ರಮ

ಅಗ್ಗದ, ಕಣ್ಣಿಗೆ ಕಾಣುವ ಕಾರಣಗಳಿಂದ ಆರಂಭಿಸಿ ಬಿಚ್ಚಬೇಕಾದ ಭಾಗಗಳತ್ತ ಸಾಗುವುದು ಸರಿಯಾದ ಕ್ರಮ. ಸ್ಟೆಪ್ನಿ ಟೈರ್, ಜಾಕ್, ಹಿಂಬಾಗಿಲ ಸರಪಳಿ, ಸೈಲೆನ್ಸರ್ ಕೊಂಡಿಗಳನ್ನು ಮೊದಲು ಅಲುಗಿಸಿ ನೋಡಬೇಕು. ಅನಂತರ ಚಕ್ರದ ನಟ್‌ಗಳನ್ನು ಪರೀಕ್ಷಿಸಬೇಕು. ಸಡಿಲ ನಟ್‌ಗಳಿಂದಲೂ ಇದೇ ಸದ್ದು ಬರುತ್ತದೆ ಮತ್ತು ಚಕ್ರವೇ ಕಳಚುವ ಅಪಾಯವಿದೆ.

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ ಗೇರನ್ನು ನ್ಯೂಟ್ರಲ್‌ನಲ್ಲಿಡಬೇಕು. ಬಳಿಕ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಚಿ, ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಶಾಫ್ಟ್ ಮತ್ತು ಡಿಫರೆನ್ಷಿಯಲ್‌ನ ಫ್ಲಾಂಜ್ ಒಟ್ಟಿಗೆ ತುಸು ತಿರುಗಿದರೆ ಅದು ಗೇರ್ ಹಲ್ಲುಗಳ ಸಹಜ ಸಡಿಲ. ಫ್ಲಾಂಜ್ ನಿಂತಲ್ಲೇ ಇದ್ದು ಶಾಫ್ಟ್ ಮಾತ್ರ ತಿರುಗಿದರೆ ಕ್ರಾಸ್ ಜಾಯಿಂಟ್ ಸವೆದಿದೆ. ಫ್ಲಾಂಜೇ ಮೇಲೆ ಕೆಳಗೆ ಅಲುಗಿದರೆ ಪಿನಿಯನ್ ಬೇರಿಂಗ್ ಕೆಟ್ಟಿದೆ ಎಂದರ್ಥ. ಕ್ರಾಸ್‌ನ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿದೆ. ನಿಧಾನ ವೇಗದಲ್ಲಿ ಚಕ್ರದ ಲಯಕ್ಕೆ ತಕ್ಕಂತೆ ಬರುವ 'ಕಿಚ್ ಕಿಚ್' ಸದ್ದು ಇದರ ಮುನ್ಸೂಚನೆ.

ಯು ಬೋಲ್ಟ್ ಬುಡದಲ್ಲಿ ಬಣ್ಣ ಹೋಗಿ ಹೊಳೆಯುವ ಲೋಹ ಅಥವಾ ತುಕ್ಕಿನ ಗೆರೆ ಕಂಡರೆ ಅಲ್ಲಿ ಚಲನೆ ಇದೆ ಎಂದೇ ತಿಳಿಯಬೇಕು. ಯು ಬೋಲ್ಟ್ ಸಡಿಲವಾದರೆ ಅಷ್ಟೂ ಹೊರೆ ಸೆಂಟರ್ ಬೋಲ್ಟ್ ಮೇಲೆ ಬಿದ್ದು ಅದು ತುಂಡಾಗುತ್ತದೆ. ಆಗ ಆಕ್ಸೆಲ್ ಒಂದು ಬದಿಗೆ ಹಿಂದೆ ಸರಿದು ವಾಹನ ಓರೆಯಾಗಿ ಓಡತೊಡಗುತ್ತದೆ. ಎರಡೂ ಬದಿಗಳಲ್ಲಿ ಹಿಂದಿನ ಚಕ್ರದ ನಡುವಿನಿಂದ ಕಮಾನುಪಟ್ಟಿಯ ಮುಂದಿನ ಪಿನ್‌ವರೆಗೆ ದಾರದಿಂದ ಅಳೆದು ಹೋಲಿಸಿದರೆ ಈ ವ್ಯತ್ಯಾಸ ತಿಳಿಯುತ್ತದೆ.

ಚಕ್ರದ ಬೇರಿಂಗ್ ಪರೀಕ್ಷೆಗೆ ಹಿಂಬದಿಯನ್ನು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟೈರಿನ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲುಗಿಸಬೇಕು. ಕೇವಲ ಜಾಕ್ ನಂಬಿ ವಾಹನದಡಿ ನುಸುಳುವುದು ಪ್ರಾಣಾಪಾಯಕಾರಿ.

ಕೊನೆಯ ಹಂತ ಡಿಫರೆನ್ಷಿಯಲ್ ಆಯಿಲ್ ಪರೀಕ್ಷೆ. ಡ್ರೈನ್ ಪ್ಲಗ್‌ನ ಆಯಸ್ಕಾಂತಕ್ಕೆ ಅಂಟಿದ ನುಣುಪು ಬೂದು ಕೆಸರು ಸಹಜ. ಬೆರಳಿಗೆ ಸಿಗುವ ಲೋಹದ ಚೂರುಗಳು ಸಹಜವಲ್ಲ. ಚೂರು ಕಂಡಾಗ ಮಾತ್ರ, ಇಲ್ಲವೇ ಉಳಿದೆಲ್ಲ ಕಾರಣಗಳು ತೀರಿದ ಮೇಲೆ ಡಿಫರೆನ್ಷಿಯಲ್ ಬಿಚ್ಚಿಸುವುದು ಸೂಕ್ತ.

ದುರಸ್ತಿಯಲ್ಲಿ ಎಚ್ಚರ

ಶಾಫ್ಟ್ ಕಳಚುವ ಮುನ್ನ ಎರಡೂ ಕಡೆ ಗುರುತು ಹಾಕಿ, ಮರುಜೋಡಿಸುವಾಗ ಅದೇ ಗುರುತಿಗೆ ಕೂರಿಸಬೇಕು. ತಪ್ಪಿದರೆ ವೇಗದಲ್ಲಿ ನಡುಕ ಬರುತ್ತದೆ. ಯು ಬೋಲ್ಟ್‌ಗಳನ್ನು ವಾಹನದ ಭಾರ ಚಕ್ರಗಳ ಮೇಲಿರುವಾಗ, ಎದುರುಬದುರು ಕ್ರಮದಲ್ಲಿ ಬಿಗಿದು, ಕೆಲವು ನೂರು ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಬಿಗಿಯಬೇಕು. ಗ್ರೀಸ್ ನಿಪ್ಪಲ್ ಇರುವ ಕ್ರಾಸ್‌ಗಳಿಗೆ ನಾಲ್ಕೂ ಕಪ್‌ಗಳಿಂದ ಹಳೆಯ ಗ್ರೀಸ್ ಹೊರಬರುವವರೆಗೆ ತುಂಬಬೇಕು.

ಹೊರೆಯೇ ಮೂಲ ಕಾರಣ

750 ಕೆ.ಜಿ. ಸಾಮರ್ಥ್ಯದ ಕಿರು ವಾಹನಕ್ಕೆ 15 ಕೆ.ಜಿ. ಲೆಕ್ಕದಲ್ಲಿ 50 ಬಾಕ್ಸ್ ಮಿತಿ; ಬಾಕ್ಸ್‌ಗಳ ತೂಕ ಕಳೆದರೆ ಇನ್ನೂ ಕಡಿಮೆ. 80 ಬಾಕ್ಸ್ ಏರಿಸಿದರೆ ಹಣ್ಣಿನ ತೂಕವೇ 1,200 ಕೆ.ಜಿ. ಆಗುತ್ತದೆ. ಮಿತಿಮೀರಿದ ಪ್ರತಿ ಬಾಡಿಗೆಯೂ ಕಮಾನುಪಟ್ಟಿ, ಬುಷ್ ಮತ್ತು ಬೇರಿಂಗ್‌ಗಳ ಆಯುಷ್ಯವನ್ನು ಕುಗ್ಗಿಸುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಅಧಿಕ ಹೊರೆಗೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ದಂಡ ನಿಗದಿಪಡಿಸಿದೆ.

ನಗರದ ಕಾರುಗಳಲ್ಲಿ

ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ ಕಾರುಗಳ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಆಗಲಿ ಡಿಫರೆನ್ಷಿಯಲ್ ಆಗಲಿ ಇರುವುದಿಲ್ಲ. ಅಲ್ಲಿ ಸದ್ದು ಬಂದರೆ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯ ರಬ್ಬರ್, ಹಿಂಬದಿ ಅಡ್ಡತೊಲೆಯ ಬುಷ್, ಬ್ರೇಕ್ ಭಾಗಗಳು ಅಥವಾ ಡಿಕ್ಕಿಯ ಸಾಮಾನುಗಳೇ ಕಾರಣ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭ

ಚಕ್ರದ ನಟ್ ಸಡಿಲವಾಗಿದ್ದರೆ, ಯು ಬೋಲ್ಟ್ ಅಥವಾ ಸೆಂಟರ್ ಬೋಲ್ಟ್ ತುಂಡಾಗಿದ್ದರೆ, ವಾಹನ ಓರೆಯಾಗಿ ಓಡುತ್ತಿದ್ದರೆ, ಕ್ರಾಸ್ ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಸಡಿಲವಾಗಿದ್ದರೆ ವಾಹನವನ್ನು ಮುಂದಕ್ಕೆ ಓಡಿಸಬಾರದು. ಓಟದಲ್ಲಿ ಶಾಫ್ಟ್‌ನ ಮುಂತುದಿ ಕಳಚಿ ನೆಲಕ್ಕೆ ತಾಗಿದರೆ ವಾಹನ ನಿಯಂತ್ರಣ ತಪ್ಪುವ ಸಂಭವವಿದೆ. ಉಳಿದ ಸಂದರ್ಭಗಳಲ್ಲಿ ಸದ್ದು ಯಾವಾಗ, ಯಾವ ಬದಿ, ಹೊರೆ ಇದ್ದಾಗಲೋ ಖಾಲಿ ಇದ್ದಾಗಲೋ, ಒಂದೇ ಏಟೋ ಪದೇ ಪದೇಯೋ ಎಂಬುದನ್ನು ಬರೆದುಕೊಂಡು ಮೆಕ್ಯಾನಿಕ್‌ಗೆ ತಿಳಿಸಿದರೆ ಅನಗತ್ಯ ಬಿಚ್ಚಾಟವೂ ಅದರ ಖರ್ಚೂ ತಪ್ಪುತ್ತವೆ.