ಸಮಾಧಿ ಸ್ಥಳದ ಫಲಕ: ಅದರ ನಿಜವಾದ ವೆಚ್ಚ

ಕಲಬುರಗಿಯ ಶ್ರೀ ಶರಣಬಸವೇಶ್ವರರ ಗದ್ದುಗೆಯ ದರ್ಶನವನ್ನು ತಾವು ಅನೇಕ ಸಲ ಪಡೆದಿರಬಹುದು. ೧೮೨೨ರಲ್ಲಿ ಲಿಂಗೈಕ್ಯರಾದ ಆ ಮಹಾದಾಸೋಹಿಗಳ ಸ್ಥಾನವನ್ನು ತೋರಿಸಲು ಫಲಕ ಬೇಕಿಲ್ಲ. ಭಕ್ತರ ಸ್ಮರಣೆಯೇ ಸಾಕು. ಆದರೆ ಸ್ಮರಿಸುವವರೇ ಉಳಿಯದ ಸಮಾಧಿಗಳ ಗತಿಯೇನು?

ಅದೇ ನಗರದ ಪೂರ್ವಕ್ಕೆ ಹಫ್ತ್ ಗುಂಬಜ್, ಅಂದರೆ ಏಳು ಗುಂಬಜುಗಳ ಸಮೂಹವಿದೆ. ೧೩೪೭ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲ್ಲಾವುದ್ದೀನ್ ಹಸನನೂ ಇಲ್ಲಿಯೇ ಇರುವನೆಂದು ಬಂದವರು ಭಾವಿಸುವುದು ಸಹಜ. ವಾಸ್ತವದಲ್ಲಿ ಅವನ ಹಾಗೂ ಅವನ ಮಗ ಒಂದನೆಯ ಮಹಮ್ಮದನ ಸಮಾಧಿಗಳು ಕೋಟೆಯ ಸಮೀಪದಲ್ಲಿ ಬೇರೆಯಾಗಿವೆ. ಹಫ್ತ್ ಗುಂಬಜಿನಲ್ಲಿರುವವರು ಮುಜಾಹಿದ್, ದಾವೂದ್ ಮೊದಲಾದ ನಂತರದವರು. ಎಲ್ಲಕ್ಕೂ ದೊಡ್ಡದು ೧೪೨೨ರಲ್ಲಿ ತೀರಿಕೊಂಡ ಫಿರೋಜ್ ಷಹನ ಜೋಡಿ ಗುಂಬಜು. ಇನ್ನು ಹುಮನಾಬಾದ್ ಮಾರ್ಗದಲ್ಲಿ, ಕಮಲಾಪುರ ತಾಲೂಕಿನ ಹೊಳಕುಂದಾದಲ್ಲಿಯೂ ಬಹಮನಿ ಕಾಲದ ಗುಂಬಜುಗಳಿವೆ. ಹಾದುಹೋಗುವ ಪ್ರಯಾಣಿಕರಲ್ಲಿ ಅವು ಯಾರವೆಂದು ಹೇಳಬಲ್ಲವರು ಎಷ್ಟು ಜನ?

ಒಂದು ಫಲಕ ಬರೆಯಿಸಿ ನೆಟ್ಟರಾಯಿತೆಂದು ತಾವು ಹೇಳಬಹುದು. ತಗಡಿನ ಫಲಕ ಅಗ್ಗವೇನೋ ನಿಜ. ಆದರೆ ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಣ್ಣ ಬಹುಕಾಲ ನಿಲ್ಲದು; ಮತ್ತೆ ಮತ್ತೆ ಬರೆಯಿಸುವ ಖರ್ಚು ಬರುತ್ತದೆ. ಶಹಾಬಾದ ಕಲ್ಲಿನಲ್ಲಿ ಕೊರೆಯಿಸಿದರೆ ಅಕ್ಷರ ಬಾಳುತ್ತದೆ. ಆದರೆ ತಪ್ಪು ಕೊರೆದರೆ ಆ ತಪ್ಪೂ ಬಾಳುತ್ತದೆ. ಹಸನನ ಹೆಸರನ್ನು ಹಫ್ತ್ ಗುಂಬಜಿನಲ್ಲಿ ಕೊರೆದರೆ ಮುಂದಿನ ಪೀಳಿಗೆ ಅದನ್ನೇ ಶಾಸನವೆಂದು ನಂಬೀತು. ಆದುದರಿಂದ ಪಾರಸಿ ಬಲ್ಲವರನ್ನೂ, ಊರ ಹಿರಿಯರನ್ನೂ ವಿಚಾರಿಸಿ ಒಕ್ಕಣೆಯನ್ನು ನಿಶ್ಚಯಿಸುವುದೇ ಮೊದಲ ವೆಚ್ಚ. ಅಲ್ಲಿ ಜಿಪುಣತನ ಸಲ್ಲದು.

ಸಂರಕ್ಷಿತ ಸ್ಮಾರಕಗಳಲ್ಲಿ ನಾವಾಗಿಯೇ ಫಲಕ ಹಾಕುವಂತಿಲ್ಲವೆಂಬುದನ್ನೂ ನೆನಪಿಡಬೇಕು. ೧೯೫೮ರ ಕೇಂದ್ರ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸದುದ್ದೇಶದಿಂದ ಹೊಡೆದ ಮೊಳೆಯೂ ಗೋಡೆಗೆ ಗಾಯವೇ. ಅಲ್ಲಿ ನಮ್ಮ ಕೆಲಸ ಇಲಾಖೆಗೆ ಅರಿಕೆ ಮಾಡಿಕೊಳ್ಳುವುದು.

ನಮ್ಮ ಕಾಣಿಕೆ ಸಲ್ಲಬೇಕಾದುದು ಯಾವ ಕಾಯಿದೆಯ ಪಟ್ಟಿಯಲ್ಲಿಯೂ ಇಲ್ಲದ ಹಳ್ಳಿಯ ರುದ್ರಭೂಮಿಗಳಿಗೆ, ಖಬರಸ್ತಾನಗಳಿಗೆ, ಮುಳ್ಳುಕಂಟಿ ಬೆಳೆದ ಹಳೆಯ ಗದ್ದುಗೆಗಳಿಗೆ. ಹೆಸರಿಲ್ಲದ ನೆಲ ಬೇಗ ಒತ್ತುವರಿಯಾಗುತ್ತದೆ. ಅಲ್ಲಿ ನೆಡುವ ಕಲ್ಲಿನ ಮೇಲೆ ದಾನಿಯ ಹೆಸರು ಬೇಡ; ಮಲಗಿದವರ ಹೆಸರು ಇರಲಿ. ಈ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಅಂಥ ಒಂದು ಹೆಸರನ್ನಾದರೂ ಬರೆದಿಟ್ಟುಕೊಳ್ಳಿರಿ. ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು. ಕಲ್ಲನ್ನು ಆಮೇಲೆ ಕೊಳ್ಳಬಹುದು.