ಅಮೆಜಾನ್ ಕಾಡಿನ ಇಂಗಾಲದ ಲೆಕ್ಕ

ಗಿಡಮರಗಳು ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳುತ್ತವೆ. ಉಸಿರಾಟ, ಕೊಳೆಯುವಿಕೆ ಮತ್ತು ಬೆಂಕಿಯಿಂದ ಅದೇ ಅನಿಲ ವಾತಾವರಣಕ್ಕೆ ಮರಳುತ್ತದೆ. ಅಮೆಜಾನ್‌ನಂತಹ ಮಹಾರಣ್ಯದಲ್ಲಿ ಇವೆರಡರಲ್ಲಿ ಯಾವುದು ಹೆಚ್ಚು ಎಂಬುದನ್ನು ನೆಲದ ಮೇಲೆ ಅಲ್ಲಲ್ಲಿ ಮರಗಳನ್ನು ಅಳೆದು ನಿರ್ಧರಿಸುವುದು ಕಷ್ಟ. ಗಾಳಿಯಾದರೋ ತಾನು ಹಾದುಬಂದ ವಿಶಾಲ ಪ್ರದೇಶದ ಗುರುತನ್ನು ಹೊತ್ತು ತರುತ್ತದೆ.

ಈ ತತ್ವವನ್ನು ಆಧರಿಸಿ ಬ್ರೆಜಿಲ್‌ನ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಲೂಸಿಯಾನಾ ಗಾಟಿ ನೇತೃತ್ವದ ತಂಡವು 2010ರಿಂದ 2018ರವರೆಗೆ ನಾಲ್ಕು ಸ್ಥಳಗಳಲ್ಲಿ ಸಣ್ಣ ವಿಮಾನಗಳನ್ನು ಬಳಸಿತು. ವಿಮಾನವು ಸುಮಾರು 4.4 ಕಿಲೋಮೀಟರ್ ಎತ್ತರದಿಂದ ಸುತ್ತುತ್ತ ಕೆಳಗಿಳಿಯುವಾಗ ಬೇರೆ ಬೇರೆ ಎತ್ತರಗಳ ಗಾಳಿಯನ್ನು ಗಾಜಿನ ಸೀಸೆಗಳಲ್ಲಿ ಸಂಗ್ರಹಿಸಲಾಯಿತು. ಇಂತಹ ಹಾರಾಟಗಳ ಸಂಖ್ಯೆ 590. ಅಟ್ಲಾಂಟಿಕ್ ಸಾಗರದಿಂದ ಒಳಬರುವ ಗಾಳಿಗೂ ಕಾಡಿನ ಮೇಲೆ ಸಾಗಿಬಂದ ಗಾಳಿಗೂ ಇರುವ ವ್ಯತ್ಯಾಸ, ಹಾಗೂ ಆ ಪಯಣಕ್ಕೆ ಹಿಡಿದ ಕಾಲ, ಇವೆರಡರಿಂದ ಕಾಡು ಪಡೆದ ಅಥವಾ ಬಿಟ್ಟ ಇಂಗಾಲದ ಲೆಕ್ಕ ದೊರೆಯುತ್ತದೆ. ಬೆಂಕಿಯ ಪಾಲನ್ನು ಬೇರ್ಪಡಿಸಲು ಕಾರ್ಬನ್ ಮೊನಾಕ್ಸೈಡ್ ಪ್ರಮಾಣ ನೆರವಾಯಿತು. ಅಲ್ಲಿನ ಬೆಂಕಿ ಬಹುಪಾಲು ತಾನಾಗಿ ಹತ್ತಿದ್ದಲ್ಲ, ಜನರು ಹಚ್ಚಿದ್ದು.

2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶವು ಆತಂಕಕಾರಿಯೇ ಆಗಿತ್ತು. ಪಶ್ಚಿಮ ಭಾಗವು ಹೆಚ್ಚುಕಡಿಮೆ ಸಮತೋಲನದಲ್ಲಿತ್ತು. ಆಗ್ನೇಯ ಭಾಗದಲ್ಲಿ ಮಾತ್ರ ಬೆಂಕಿಯ ಪಾಲನ್ನು ಕಳೆದ ಮೇಲೂ ಹೀರಿದ್ದಕ್ಕಿಂತ ಹೊರಬಿಟ್ಟದ್ದೇ ಅಧಿಕ. ಅರಣ್ಯನಾಶ ಹೆಚ್ಚಾಗಿ ನಡೆದಿರುವುದು ಅಲ್ಲಿಯೇ. ಬೇಸಿಗೆಯ ತಿಂಗಳುಗಳಲ್ಲಿ ಮಳೆ ಕುಗ್ಗಿ ತಾಪ ಏರಿರುವುದೂ ಅಲ್ಲಿಯೇ. ಉಳಿದು ನಿಂತ ಮರಗಳೂ ಈ ಒಣಹವೆಯಲ್ಲಿ ಸೊರಗುತ್ತಿವೆ ಎಂಬುದು ಸಂಶೋಧಕರ ಅನುಮಾನ.